ಕ್ರೈಸ್ತಮತದಲ್ಲಿ ನರಕದ ಕಲ್ಪನೆ

ನರಕವೆಂಬ ಮಾತು ಕನ್ನಡ ನಾಡಿನವರಿಗೆ ಹೊಸದಲ್ಲ. ಪುರಾಣಶ್ರವಣದಲ್ಲಿಯೂ ಹರಿಕಥೆಯಲ್ಲಿಯೂ ಮನೆಯ ಹಿರಿಯರ ಗದರಿಕೆಯಲ್ಲಿಯೂ ಅದು ಚಿಕ್ಕಂದಿನಿಂದ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಒಂದು ಶಬ್ದವನ್ನು ನುಡಿಯುವವರೆಲ್ಲರೂ ಒಂದೇ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆಂದು ತಿಳಿಯಲಾಗದು. ದಕ್ಷಿಣ ಕನ್ನಡದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದರೆ ಈ ಮೂರು ಊರುಗಳ ನಡುವೆ ವಾಮದಪದವು ಎಂಬ ಸಣ್ಣ ಪೇಟೆಯುಂಟು. ಪದವು ಎಂದರೆ ತುಳುವಿನಲ್ಲಿ ಎತ್ತರದ ಬಯಲು. ಅಲ್ಲಿಂದ ಒಂದು ದಾರಿ ಹಿಡಿದರೆ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೂಡಬಿದರೆ. ಇನ್ನೊಂದು ದಾರಿ ಹಿಡಿದರೆ ೧೬೦೪ರಲ್ಲಿ ನಿಂತ ಬಾಹುಬಲಿಯ ವೇಣೂರು. ಮತ್ತೊಂದು ದಾರಿಯಲ್ಲಿ ನೇತ್ರಾವತಿಯ ದಂಡೆಯ ಬಂಟ್ವಾಳ, ಅದರ ಸುತ್ತಮುತ್ತ ಕೊಂಕಣಿ ಮಾತನಾಡುವ ಕಥೋಲಿಕರ ಇಗರ್ಜಿಗಳು. ಬಸದಿಯಲ್ಲಿ ಕುಳಿತು ಕೇಳುವವನಿಗೂ, ದೇವಸ್ಥಾನದ ಪ್ರಾಂಗಣದಲ್ಲಿ ಕೇಳುವವನಿಗೂ, ಇಗರ್ಜಿಯಲ್ಲಿ ಕೇಳುವವನಿಗೂ ಪಾಪದ ಫಲವಾಗಿ ಒಂದು ಘೋರವಾದ ಲೋಕವುಂಟೆಂದು ಬೋಧೆಯಾಗುತ್ತದೆ. ಈ ಲೋಕಗಳು ಒಂದೆಯೇ? ಇಲ್ಲವಾದರೆ ಭೇದವೆಲ್ಲಿದೆ? ಇದನ್ನು ತಿಳಿಯಬೇಕಾದರೆ ಕ್ರೈಸ್ತರ ನರಕವು ಹುಟ್ಟಿ ಬೆಳೆದ ಬಗೆಯನ್ನು ನೋಡಬೇಕು.

ಮೊದಲು ನಮ್ಮ ನಾಡಿನ ಕಲ್ಪನೆಯನ್ನು ನೆನಪಿಗೆ ತಂದುಕೊಳ್ಳೋಣ. ಜೈನಶಾಸ್ತ್ರದ ಪ್ರಕಾರ ಅಧೋಲೋಕದಲ್ಲಿ ರತ್ನಪ್ರಭೆ ಮೊದಲಾಗಿ ಮಹಾತಮಃಪ್ರಭೆಯವರೆಗೆ ಏಳು ಭೂಮಿಗಳಿವೆ. ಒಂದರ ಕೆಳಗೊಂದರಲ್ಲಿ ಯಾತನೆ ಹೆಚ್ಚುತ್ತ ಹೋಗುತ್ತದೆ. ಮೊದಲನೆಯ ನರಕದಲ್ಲಿ ಆಯುಷ್ಯ ಕಡಮೆಯೆಂದರೂ ಹತ್ತು ಸಾವಿರ ವರ್ಷ. ಏಳನೆಯದರಲ್ಲಿ ಅದು ಮೂವತ್ತಮೂರು ಸಾಗರೋಪಮಗಳ ವರೆಗೆ ಏರುತ್ತದೆ. ಈ ಕಾಲಮಾನ ಮನುಷ್ಯನ ಎಣಿಕೆಗೆ ಸಿಕ್ಕುವಂಥದಲ್ಲ. ಆದರೂ ಅದಕ್ಕೆ ಕೊನೆಯುಂಟು. ಮಹಾವೀರನ ಸಮಕಾಲೀನನಾದ ಶ್ರೇಣಿಕ ಮಹಾರಾಜನು ಈಗ ಮೊದಲನೆಯ ನರಕದಲ್ಲಿರುವನೆಂದೂ, ಮುಂದಿನ ಕಾಲಚಕ್ರದಲ್ಲಿ ಅವನೇ ಮೊದಲನೆಯ ತೀರ್ಥಂಕರನಾಗಿ ಹುಟ್ಟುವನೆಂದೂ ಜೈನರು ನಂಬುತ್ತಾರೆ. ಪುರಾಣಗಳ ರೌರವ, ಕುಂಭೀಪಾಕಗಳೂ ಹೀಗೆಯೇ. ಕರ್ಮ ಸವೆದ ಮೇಲೆ ಜೀವನು ಅಲ್ಲಿಂದ ಹೊರಡಬೇಕು. ಭಾರತದ ಕೊನೆಯಲ್ಲಿ ಧರ್ಮರಾಯನು ನರಕವನ್ನು ಕಂಡು, ತನ್ನ ತಮ್ಮಂದಿರು ಅಲ್ಲಿರುವರಾದರೆ ತನಗೂ ಅದೇ ಸ್ವರ್ಗವೆಂದು ನಿಂತುಬಿಟ್ಟ ಕಥೆಯನ್ನು ಬಲ್ಲವರು ಬಲ್ಲರು. ಆ ನರಕವೂ ಕ್ಷಣಕಾಲದ್ದೇ ಆಗಿತ್ತು.

ಇದಕ್ಕೆ ಒಂದು ದೊಡ್ಡ ಅಪವಾದವುಂಟು. ಅದು ಇದೇ ತುಳುನಾಡಿನಲ್ಲಿ ಹುಟ್ಟಿತೆಂಬುದು ವಿಶೇಷ. ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಜೀವರಲ್ಲಿ ಮೂರು ತರಗಳನ್ನು ಹೇಳಿ, ತಮೋಯೋಗ್ಯರಾದವರಿಗೆ ಅಂಧಂತಮಸ್ಸೆಂಬ ಮರಳಿ ಬಾರದ ಗತಿಯನ್ನು ವಿಧಿಸಿದರು. ವೇದಾಂತದ ಬೇರೆ ಯಾವ ದೊಡ್ಡ ಆಚಾರ್ಯರೂ ಇದನ್ನು ಹೇಳಲಿಲ್ಲ. ಅದನ್ನು ಕಂಡು ಗ್ರಿಯರ್ಸನ್ ಮೊದಲಾದ ಪಾಶ್ಚಾತ್ಯ ವಿದ್ವಾಂಸರು, ಕರಾವಳಿಯ ಹಳೆಯ ಕ್ರೈಸ್ತರಿಂದ ಈ ಭಾವನೆ ಬಂದಿರಬೇಕೆಂದು ಊಹಿಸಿದರು. ಊಹೆಗೆ ಆಧಾರ ಸಾಲದು. ಮಾಧ್ವಮತದಲ್ಲಿ ಅಂಧಂತಮಸ್ಸು ಒದಗುವುದು ಜೀವನ ಅನಾದಿಸ್ವಭಾವದಿಂದ. ಕ್ರೈಸ್ತಮತದಲ್ಲಿ ನರಕವು ಒಂದೇ ಒಂದು ಜನ್ಮದ ನಡತೆಗೂ ನಂಬಿಕೆಗೂ ದೊರೆತ ತೀರ್ಪು. ಎರಡೂ ನಿತ್ಯವೆಂಬ ಹೊರಗಿನ ಹೋಲಿಕೆಯಿಂದ ಮೂಲವೊಂದೇ ಎಂದು ಸಾಧಿಸಲಾಗದು.

ಹಾಗಾದರೆ ಒಂದೇ ಜನ್ಮದ ತಪ್ಪಿಗೆ ಕೊನೆಯಿಲ್ಲದ ಶಿಕ್ಷೆಯೆಂಬ ಭಾವನೆ ಎಲ್ಲಿಂದ ಬಂದಿತು? ಕ್ರೈಸ್ತರ ಹಳೆಯ ಒಡಂಬಡಿಕೆಯೆಂಬುದು ಯೆಹೂದ್ಯರ ಧರ್ಮಗ್ರಂಥ. ಅದರ ಬಹುಭಾಗದಲ್ಲಿ ಇಂಥ ನರಕವೇ ಇಲ್ಲವೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಅಲ್ಲಿರುವುದು ಷಿಯೋಲ್ ಎಂಬ ಮಂಕಾದ ಪಾತಾಳ. ಅರಸನೂ ಆಳೂ, ಸಜ್ಜನನೂ ದುರ್ಜನನೂ ಸತ್ತ ಮೇಲೆ ಅಲ್ಲಿಗೇ ಇಳಿಯುವರು. ಅಲ್ಲಿ ಬೆಂಕಿಯಿಲ್ಲ, ಹಿಂಸಕರಿಲ್ಲ; ಬೆಳಕೂ ಇಲ್ಲ, ಕೆಲಸವೂ ಇಲ್ಲ, ದೇವರ ಸ್ತುತಿಯೂ ಇಲ್ಲ. ಸೌಲನೆಂಬ ಅರಸನು ಯುದ್ಧದ ಹಿಂದಿನ ರಾತ್ರಿ ಏಂದೋರಿನ ಮಾಟಗಾತಿಯಿಂದ ಪ್ರವಾದಿಯಾದ ಸಮುವೇಲನ ಪ್ರೇತವನ್ನು ಎಬ್ಬಿಸಿದಾಗ, ನಾಳೆ ನೀನೂ ನಿನ್ನ ಮಕ್ಕಳೂ ನನ್ನೊಡನೆ ಇರುವಿರಿ ಎಂಬರ್ಥದ ಮಾತನ್ನು ಸಮುವೇಲನು ಹೇಳುತ್ತಾನೆ. ದೇವರಿಗೆ ಪ್ರಿಯನಾದ ಪ್ರವಾದಿಯೂ, ದೇವರು ಕೈಬಿಟ್ಟ ಅರಸನೂ ಸೇರುವ ಸ್ಥಳ ಒಂದೇ ಆಯಿತು. ಆ ಕಾಲದ ಯೆಹೂದ್ಯರ ಎಣಿಕೆಯಲ್ಲಿ ಪಾಪಪುಣ್ಯಗಳ ಲೆಕ್ಕ ಈ ಲೋಕದಲ್ಲಿಯೇ ತೀರಬೇಕು: ಮಳೆ ಬೆಳೆ, ಮಕ್ಕಳು ಮರಿ, ದೀರ್ಘಾಯುಷ್ಯ, ಇವೇ ಪುಣ್ಯದ ಫಲ, ಬರಗಾಲ, ಸೋಲು, ಅಕಾಲಮರಣ, ಇವೇ ಪಾಪದ ಫಲ.

ಈ ಲೆಕ್ಕವು ಅನುಭವಕ್ಕೆ ಒಗ್ಗಲಿಲ್ಲ. ಕ್ರಿ.ಪೂ. ೫೮೬ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಹಾಳುಮಾಡಿ ಜನರನ್ನು ಸೆರೆಯೊಯ್ದರು. ಕ್ರಿ.ಪೂ. ೫೩೯ರಲ್ಲಿ ಪಾರಸಿಕರ ಚಕ್ರವರ್ತಿಯಾದ ಕೂರುಷನು ಬಾಬಿಲೋನನ್ನು ಗೆದ್ದ ಮೇಲೆ ಯೆಹೂದ್ಯರು ಎರಡು ಶತಮಾನಗಳ ಕಾಲ ಪಾರಸಿಕರ ಆಳ್ವಿಕೆಯಲ್ಲಿ ಬಾಳಿದರು. ಜರತುಷ್ಟ್ರನ ಮತದಲ್ಲಿ ಸತ್ತವರು ಒಂದು ಸೇತುವೆಯನ್ನು ದಾಟಬೇಕು. ಸತ್ಯವಂತನಿಗೆ ಅದು ಅಗಲವಾಗುತ್ತದೆ, ಸುಳ್ಳನಿಗೆ ಇಕ್ಕಟ್ಟಾಗಿ ಅವನು ಕೆಳಗೆ ಬೀಳುತ್ತಾನೆ. ಆ ಮತದ ಪ್ರಭಾವ ಯೆಹೂದ್ಯರ ಮೇಲೆ ಎಷ್ಟಾಯಿತೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ಪಾರಸಿಕರ ಪರಂಪರೆಯಲ್ಲಿಯೂ ಕಡೆಗೆ ಲೋಕವೆಲ್ಲ ಶುದ್ಧವಾಗಿ ನರಕವೇ ಬರಿದಾಗುವುದೆಂಬ ನಂಬಿಕೆಯುಂಟೆಂಬುದು ಗಮನಾರ್ಹ. ಮುಂದೆ ಅಲೆಕ್ಸಾಂಡರನ ದಂಡಯಾತ್ರೆಯಿಂದ ಗ್ರೀಕರ ವಿಚಾರಗಳೂ ಬಂದವು. ಪ್ಲೇಟೋ ತನ್ನ ಸಂವಾದಗಳಲ್ಲಿ ಮರಣಾನಂತರದ ನ್ಯಾಯಾಸ್ಥಾನವನ್ನು ವರ್ಣಿಸಿ, ವಾಸಿಯಾಗಬಲ್ಲ ಪಾಪಿಗಳು ಶಿಕ್ಷೆಯಿಂದ ತಿದ್ದಿಕೊಳ್ಳುವರೆಂದೂ ವಾಸಿಯಾಗದವರು ಟಾರ್ಟರಸ್ ಎಂಬ ಕೂಪದಲ್ಲಿ ಉಳಿಯುವರೆಂದೂ ಹೇಳಿದ್ದನು.

ಇಷ್ಟಾದರೂ ಹೊರಗಿನ ವಿಚಾರಗಳು ಒಂದು ಜನಾಂಗದ ನಂಬಿಕೆಯಾಗಬೇಕಾದರೆ ಒಳಗೆ ಅದಕ್ಕೆ ಹಸಿವು ಹುಟ್ಟಬೇಕು. ಆ ಹಸಿವು ಕ್ರಿ.ಪೂ. ೧೬೭ರಲ್ಲಿ ತೀವ್ರವಾಯಿತು. ಸಿರಿಯದ ಗ್ರೀಕ್ ದೊರೆಯಾದ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯಧರ್ಮವನ್ನೇ ನಿಷೇಧಿಸಿದನು. ಧರ್ಮವನ್ನು ಬಿಡದವರು ಚಿತ್ರಹಿಂಸೆಯಿಂದ ಸತ್ತರು. ಬಿಟ್ಟವರು ಸುಖವಾಗಿ ಬದುಕಿದರು. ಪುಣ್ಯಕ್ಕೆ ಈ ಲೋಕದಲ್ಲಿಯೇ ಫಲವೆಂಬ ಹಳೆಯ ಮಾತನ್ನು ಆ ಹೆಣಗಳ ಮುಂದೆ ಯಾರು ಹೇಳಬಲ್ಲರು? ತಾಯಿಯ ಕಣ್ಣೆದುರಿನಲ್ಲಿ ಕೊಲೆಯಾದ ಏಳು ಮಂದಿ ಮಕ್ಕಳ ಕಥೆಯನ್ನು ಎರಡನೆಯ ಮಕ್ಕಬಿಯರ ಗ್ರಂಥವು ಹೇಳುತ್ತದೆ. ಆ ಕಾಲದಲ್ಲಿಯೇ, ಕ್ರಿ.ಪೂ. ೧೬೫ರ ಸುಮಾರಿನಲ್ಲಿ, ದಾನಿಯೇಲನ ಹೆಸರಿನ ಗ್ರಂಥವು ಸಿದ್ಧವಾಯಿತು. ಸತ್ತವರಲ್ಲಿ ಅನೇಕರು ಎದ್ದು ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯನಿಂದೆಗೂ ಹೋಗುವರೆಂಬ ಸ್ಪಷ್ಟವಾದ ಮಾತು ಹಳೆಯ ಒಡಂಬಡಿಕೆಯಲ್ಲಿ ಮೊದಲು ಕಾಣುವುದು ಅದರಲ್ಲಿ. ಅದಕ್ಕಿಂತ ಸ್ವಲ್ಪ ಮೊದಲಿನ ಹನೋಕನ ಗ್ರಂಥದಲ್ಲಿ ಸತ್ತವರ ಆತ್ಮಗಳನ್ನು ಗುಣಕ್ಕೆ ತಕ್ಕಂತೆ ಬೇರೆ ಬೇರೆ ಗುಹೆಗಳಲ್ಲಿ ಇಟ್ಟಿರುವ ಚಿತ್ರವಿದೆ. ೧೯೪೭ರಿಂದ ಮೃತಸಮುದ್ರದ ಬಳಿಯ ಕುಮ್ರಾನಿನಲ್ಲಿ ದೊರೆತ ಸುರುಳಿಗಳಲ್ಲಿ ಈ ಗ್ರಂಥದ ಅರಮಾಯಿಕ್ ಭಾಷೆಯ ತುಣುಕುಗಳೂ ಸೇರಿವೆ. ಹೀಗೆ ನರಕದ ಮೊದಲ ಬೇಡಿಕೆಯು ಪೆಟ್ಟು ತಿಂದವರಿಂದ ಹೊರಟಿತು. ಕೊಂದವನೂ ಕೊಲೆಯಾದವನೂ ಮಣ್ಣಿನಲ್ಲಿ ಸಮನಾಗಿ ಮಲಗುವುದು ಅವರಿಗೆ ಸಹಿಸಲಿಲ್ಲ.

ಈ ಶಿಕ್ಷಾಸ್ಥಾನಕ್ಕೆ ಹೆಸರೊಂದು ಬೇಕಾಗಿದ್ದಿತು. ಯೆರೂಸಲೇಮಿನ ದಕ್ಷಿಣಕ್ಕೆ ಹಿನ್ನೋಮ್ ಕಣಿವೆಯಿದೆ. ಹೀಬ್ರೂ ಭಾಷೆಯಲ್ಲಿ ಗೇ ಹಿನ್ನೋಮ್, ಗ್ರೀಕಿನಲ್ಲಿ ಗೆಹೆನ್ನ. ಆಹಾಜ, ಮನಸ್ಸೆ ಎಂಬ ಅರಸರ ಕಾಲದಲ್ಲಿ ಅಲ್ಲಿಯ ತೋಫೆತ್ ಎಂಬ ಎಡೆಯಲ್ಲಿ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟರೆಂದು ಧರ್ಮಗ್ರಂಥವು ದೂರುತ್ತದೆ. ಯೋಷೀಯನೆಂಬ ಅರಸನು ಕ್ರಿ.ಪೂ. ೬೨೨ರ ಸುಮಾರಿಗೆ ಆ ಸ್ಥಳವನ್ನು ಅಪವಿತ್ರಗೊಳಿಸಿ ಬಲಿಯನ್ನು ನಿಲ್ಲಿಸಿದನು. ಅದು ಕೊಲೆಯ ಕಣಿವೆಯಾಗುವುದೆಂದು ಯೆರೆಮೀಯನು ಶಪಿಸಿದನು. ಯೇಸುವಿನ ಕಾಲದಲ್ಲಿ ಅಲ್ಲಿ ಊರಿನ ಕಸವನ್ನು ಸದಾ ಸುಡುತ್ತಿದ್ದರೆಂದೂ ಅದರಿಂದಲೇ ಆರದ ಬೆಂಕಿಯ ಮಾತು ಬಂದಿತೆಂದೂ ಅನೇಕ ಪುಸ್ತಕಗಳಲ್ಲಿ ಓದುತ್ತೇವೆ. ಈ ಕಥೆಯು ಮೊದಲು ಕಾಣಿಸುವುದು ಕ್ರಿ.ಶ. ೧೨೦೦ರ ಸುಮಾರಿನ ಡೇವಿಡ್ ಕಿಮ್ಹಿಯೆಂಬ ಯೆಹೂದ್ಯ ವ್ಯಾಖ್ಯಾನಕಾರನಲ್ಲಿ. ಅದಕ್ಕಿಂತ ಹಿಂದಿನ ಸಾಕ್ಷ್ಯವಿಲ್ಲ. ಮಕ್ಕಳ ಬಲಿಯ ನೆನಪು ಮತ್ತು ಪ್ರವಾದಿಯ ಶಾಪ, ಇವೇ ಆ ಹೆಸರಿಗೆ ಭಯವನ್ನು ತುಂಬಲು ಸಾಕಾಗಿದ್ದವು.

ಯೇಸುಕ್ರಿಸ್ತನು ಈ ಹೆಸರನ್ನು ಬಳಸಿದನು. ಹೊಸ ಒಡಂಬಡಿಕೆಯಲ್ಲಿ ಗೆಹೆನ್ನ ಎಂಬ ಶಬ್ದವು ಹನ್ನೆರಡು ಸಲ ಬರುತ್ತದೆ: ಮತ್ತಾಯನಲ್ಲಿ ಏಳು, ಮಾರ್ಕನಲ್ಲಿ ಮೂರು, ಲೂಕನಲ್ಲಿ ಒಂದು, ಯಾಕೋಬನ ಪತ್ರದಲ್ಲಿ ಒಂದು. ಕ್ರೈಸ್ತಗ್ರಂಥಗಳಲ್ಲಿ ಅತ್ಯಂತ ಹಳೆಯವಾದ ಪೌಲನ ಪತ್ರಗಳಲ್ಲಿ ಅದು ಒಮ್ಮೆಯೂ ಇಲ್ಲ. ಯೋಹಾನನ ಸುವಾರ್ತೆಯಲ್ಲಿಯೂ ಇಲ್ಲ. ಪೌಲನು ಹೇಳುವುದು ಮರಣವನ್ನು, ನಾಶವನ್ನು, ದೇವರ ಕೋಪವನ್ನು. ಲೂಕನ ಐಶ್ವರ್ಯವಂತನು ಯಾತನೆಪಡುವುದು ಹೇಡೀಸ್ ಎಂಬ ಪಾತಾಳದಲ್ಲಿ. ಪ್ರಕಟನೆಯ ಗ್ರಂಥದಲ್ಲಿ ಆ ಪಾತಾಳವನ್ನೇ ಬೆಂಕಿಯ ಕೆರೆಗೆ ಎಸೆಯುತ್ತಾರೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಅಲ್ಲಿ ಕೇಳುವ ಪ್ರಶ್ನೆಗಳು ಮತಸಿದ್ಧಾಂತವನ್ನು ಕುರಿತವಲ್ಲ: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ರೋಗಿಗೂ ಸೆರೆಯಾಳಿಗೂ ಭೇಟಿ, ಇವನ್ನು ಕೊಟ್ಟವರು ಯಾರು, ಕೊಡದವರು ಯಾರು ಎಂಬುದಷ್ಟೇ. ಇಷ್ಟೆಲ್ಲ ಬಗೆಯ ಚಿತ್ರಗಳು ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿವೆ. ಅವನ್ನೆಲ್ಲ ಒಂದುಗೂಡಿಸಿದ ಕೆಲಸದಲ್ಲಿ ಭಾಷಾಂತರಕಾರರ ಕೈವಾಡವೂ ಉಂಟು. ಇಂಗ್ಲಿಷಿನ ೧೬೧೧ರ ಬೈಬಲಿನಲ್ಲಿ ಷಿಯೋಲ್, ಹೇಡೀಸ್, ಗೆಹೆನ್ನ, ಟಾರ್ಟರಸ್ ಈ ನಾಲ್ಕಕ್ಕೂ ಹೆಲ್ ಎಂಬ ಒಂದೇ ಮಾತು ಸಿಕ್ಕುತ್ತದೆ. ಹೀಬ್ರೂವಿನಲ್ಲಿ ಅರುವತ್ತೈದು ಸಲ ಬರುವ ಷಿಯೋಲನ್ನು ಅವರು ಮೂವತ್ತೊಂದು ಸಲ ಹೆಲ್ ಎಂದೂ, ಮೂವತ್ತೊಂದು ಸಲ ಗೋರಿಯೆಂದೂ, ಮೂರು ಸಲ ಕುಳಿಯೆಂದೂ ತಿರುಗಿಸಿದರು. ಆ ಹೆಲ್ ಎಂಬುದಾದರೂ ಕ್ರೈಸ್ತರ ಸ್ವಂತ ಶಬ್ದವಲ್ಲ. ಉತ್ತರ ಯೂರೋಪಿನ ಹಳೆಯ ಜನರು ಸತ್ತವರ ಲೋಕಕ್ಕೆ ಇಟ್ಟಿದ್ದ ಹೆಸರು.

ಮೊದಲ ಐದಾರು ಶತಮಾನಗಳಲ್ಲಿ ಎರಡು ಪ್ರವಾಹಗಳು ಒಟ್ಟಿಗೆ ಹರಿದವು. ಎರಡನೆಯ ಶತಮಾನದ ಪೇತ್ರನ ಪ್ರಕಟನೆಯೆಂಬ ಗ್ರಂಥದಲ್ಲಿ ನರಕದ ವಿವರವಾದ ದರ್ಶನವಿದೆ: ದೇವದೂಷಕರು ನಾಲಗೆಯಿಂದ ತೂಗಾಡುವರು, ಒಂದೊಂದು ಪಾಪಕ್ಕೆ ಒಂದೊಂದು ತಕ್ಕ ಶಿಕ್ಷೆ. ಅದನ್ನು ಓದಿದರೆ ನಮ್ಮ ಗರುಡಪುರಾಣದ ನೆನಪಾಗದೆ ಇರದು. ಅದರ ವಿರುದ್ಧದಲ್ಲಿ ಅಲೆಕ್ಸಾಂಡ್ರಿಯದ ಓರಿಜೆನನು ಮೂರನೆಯ ಶತಮಾನದಲ್ಲಿ, ದೇವರ ಶಿಕ್ಷೆಯು ವೈದ್ಯನ ಕಹಿಮದ್ದಿನಂತೆ, ಎಲ್ಲ ಆತ್ಮಗಳೂ ಕೊನೆಗೆ ದೇವರನ್ನು ಸೇರಬೇಕೆಂದು ಬೋಧಿಸಿದನು. ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗರಿಯೂ ಅದೇ ಪಕ್ಷದವನು. ಇದಕ್ಕೆ ಪ್ರಬಲವಾದ ಉತ್ತರವನ್ನು ಕೊಟ್ಟವನು ಉತ್ತರ ಆಫ್ರಿಕದ ಆಗಸ್ಟೀನನು. ಕ್ರಿ.ಶ. ೩೫೪ರಿಂದ ೪೩೦ರ ವರೆಗೆ ಬದುಕಿದ ಈ ಮಹಾಪಂಡಿತನು ದೇವನಗರಿ ಎಂಬ ತನ್ನ ಗ್ರಂಥದ ಇಪ್ಪತ್ತೊಂದನೆಯ ಸ್ಕಂಧವನ್ನು ಈ ವಾದಕ್ಕೇ ಮೀಸಲಿಟ್ಟನು. ಅವನ ಮುಖ್ಯ ಯುಕ್ತಿಗಳು ಎರಡು. ಸುವಾರ್ತೆಯಲ್ಲಿ ಜೀವಕ್ಕೂ ಶಿಕ್ಷೆಗೂ ನಿತ್ಯವೆಂಬ ಒಂದೇ ವಿಶೇಷಣವಿದೆ. ಶಿಕ್ಷೆ ಮುಗಿಯುವುದಾದರೆ ಮೋಕ್ಷವೂ ಮುಗಿಯಬೇಕಾದೀತು. ಇನ್ನು, ಅಲ್ಪಕಾಲದ ಪಾಪಕ್ಕೆ ಅನಂತಕಾಲದ ಶಿಕ್ಷೆ ಅನ್ಯಾಯವೆನ್ನುವವರು, ಕೊಲೆಯು ಕ್ಷಣದಲ್ಲಿ ನಡೆದರೂ ಕೊಲೆಗಾರನ ಶಿಕ್ಷೆ ಕ್ಷಣದ್ದಲ್ಲವೆಂಬುದನ್ನು ಮರೆತಿದ್ದಾರೆ. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳನ್ನು ಕೂಡ, ಅತ್ಯಂತ ಮೃದುವಾದ ಶಿಕ್ಷೆಯೆಂಬ ಸಮಾಧಾನದೊಡನೆ, ಅವನು ಶಿಕ್ಷಿತರ ಪಕ್ಕಕ್ಕೇ ಸೇರಿಸಬೇಕಾಯಿತು. ತರ್ಕವು ಅವನನ್ನು ಅಲ್ಲಿಗೆ ಒಯ್ದಿತು. ೫೪೩ರಲ್ಲಿ ಚಕ್ರವರ್ತಿ ಜಸ್ಟಿನಿಯನನು ಓರಿಜೆನನ ಬೋಧನೆಗಳನ್ನು ಖಂಡಿಸಿ ಶಾಸನ ಹೊರಡಿಸಿದನು. ೫೫೩ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯು ಅವನ ಹೆಸರನ್ನು ಪಾಷಂಡಿಗಳ ಸಾಲಿನಲ್ಲಿ ಸೇರಿಸಿತು. ಆ ಮೇಲೆ ಪಶ್ಚಿಮದಲ್ಲಿ ಆಗಸ್ಟೀನನ ಮಾತೇ ಮತವಾಯಿತು.

ಪೂರ್ವದಲ್ಲಿ ಮಾತ್ರ ಇನ್ನೊಂದು ದನಿ ಅಡಗಲಿಲ್ಲ. ಏಳನೆಯ ಶತಮಾನದ ನಿನೆವೆಯ ಈಸಾಕನು, ನರಕದಲ್ಲಿರುವವರನ್ನು ಸುಡುವುದು ದೇವರ ಪ್ರೇಮವೇ, ತಾವು ಆ ಪ್ರೇಮಕ್ಕೆ ದ್ರೋಹ ಮಾಡಿದೆವೆಂಬ ಅರಿವೇ ಅವರ ಯಾತನೆಯೆಂದು ಬರೆದನು. ಅವನ ಬರವಣಿಗೆಯ ಒಂದು ದೊಡ್ಡ ಭಾಗವು ಬಹುಕಾಲ ಮರೆಯಾಗಿದ್ದು, ೧೯೮೩ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಸೆಬಾಸ್ಟಿಯನ್ ಬ್ರಾಕ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ಅದರಲ್ಲಿ ಗೆಹೆನ್ನವು ಕೊನೆಯಾಗುವ ಆಶೆಯನ್ನು ಅವನು ಬಿಚ್ಚಿ ಹೇಳಿದ್ದಾನೆ. ಈ ಈಸಾಕನ ಪೂರ್ವ ಸಿರಿಯದ ಪರಂಪರೆಯು ನಮ್ಮ ಕಡಲತೀರಕ್ಕೆ ದೂರದ್ದಲ್ಲ. ಮಲಬಾರಿನ ಪ್ರಾಚೀನ ಕ್ರೈಸ್ತರ ಪೂಜಾವಿಧಿಯು ಅದೇ ಪರಂಪರೆಯದು. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬೆಳ್ತಂಗಡಿಯ ಬೆಟ್ಟದ ತಪ್ಪಲಿಗೆ ಬಂದು ನೆಲಸಿದ ಕೃಷಿಕರು ಅದನ್ನು ತಮ್ಮೊಡನೆ ತಂದರು. ಅವರಿಗಾಗಿ ೧೯೯೯ರಲ್ಲಿ ಬೆಳ್ತಂಗಡಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತವೂ ಸ್ಥಾಪಿತವಾಯಿತು.

ಪಶ್ಚಿಮದ ಜನರಿಗೂ ಬರಿಯ ಸ್ವರ್ಗ, ಬರಿಯ ನರಕ ಎಂಬ ಎರಡೇ ಕೋಣೆಗಳು ಸಾಲದಾದವು. ಪೂರಾ ಪುಣ್ಯವಂತರೂ ಅಲ್ಲದ, ಪೂರಾ ಪಾಪಿಗಳೂ ಅಲ್ಲದ ನಮ್ಮಂಥವರ ಗತಿಯೇನು? ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ಮೊದಲಿನಿಂದಲೂ ಇದ್ದಿತು. ಸಾವಿರದ ಸುಮಾರಿನಲ್ಲಿ ಕ್ಲೂನಿ ಮಠದ ಒಡಿಲೋ ನವೆಂಬರ್ ೨ನೆಯ ದಿನವನ್ನು ಸಕಲ ಮೃತರ ಸ್ಮರಣೆಗೆ ಗೊತ್ತುಮಾಡಿದನು. ಹನ್ನೆರಡನೆಯ ಶತಮಾನದ ಕಡೆಯ ಭಾಗದಲ್ಲಿ ಈ ನಡುವಣ ಸ್ಥಳಕ್ಕೆ ಪುರ್ಗತೋರಿಯುಮ್ ಎಂಬ ನಾಮಪದವೇ ಹುಟ್ಟಿತೆಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ ೧೯೮೧ರ ತನ್ನ ಗ್ರಂಥದಲ್ಲಿ ತೋರಿಸಿದನು. ೧೨೭೪ರ ಲಿಯೋನ್ ಸಭೆ, ೧೪೩೯ರ ಫ್ಲಾರೆನ್ಸ್ ಸಭೆಗಳು ಈ ತತ್ತ್ವವನ್ನು ಅಂಗೀಕರಿಸಿದವು. ಕನ್ನಡ ಕಥೋಲಿಕರು ಇದನ್ನು ಉತ್ತರಿಸುವ ಸ್ಥಳವೆನ್ನುತ್ತಾರೆ. ಅಲ್ಲಿ ಯಾತನೆಯುಂಟು, ಆದರೆ ಅದು ಮುಗಿಯುತ್ತದೆ. ಬದುಕಿರುವವರ ಪ್ರಾರ್ಥನೆಯಿಂದ ಬೇಗ ಮುಗಿಯುತ್ತದೆ. ನಮ್ಮ ಪುರಾಣಗಳ ನರಕಕ್ಕೆ ಸರಿಯಾದ ಜೋಡಿಯನ್ನು ಕ್ರೈಸ್ತಮತದಲ್ಲಿ ಹುಡುಕುವುದಾದರೆ ಅದು ಅವರ ನರಕವಾಗಲಾರದು, ಈ ಉತ್ತರಿಸುವ ಸ್ಥಳವಾದೀತು. ಈ ದಯೆಯ ಕಲ್ಪನೆಯೇ ಮುಂದೆ ಹಣದ ವ್ಯಾಪಾರಕ್ಕೆ ಎಡೆಯಾಗಿ, ಪಾಪದ ದಂಡವನ್ನು ಕಳೆಯುವ ಪತ್ರಗಳ ಮಾರಾಟವನ್ನು ವಿರೋಧಿಸಿ ೧೫೧೭ರಲ್ಲಿ ಲೂಥರನು ಎದ್ದುನಿಂತ ಸಂಗತಿ ಎಲ್ಲರಿಗೂ ತಿಳಿದದ್ದೇ. ಪ್ರಾಟೆಸ್ಟೆಂಟರು ಉತ್ತರಿಸುವ ಸ್ಥಳವನ್ನು ತೆಗೆದುಹಾಕಿದರು. ಅದರಿಂದ ಅವರಲ್ಲಿ ನರಕವು ಇನ್ನೂ ಹತ್ತಿರಕ್ಕೆ ಬಂದಿತು.

ಮಧ್ಯಯುಗದ ನರಕವನ್ನು ಲೋಕಕ್ಕೆ ಮರೆಯದಂತೆ ಮಾಡಿದವನು ಇಟಲಿಯ ಕವಿ ಡಾಂಟೆ. ೧೩೨೧ರಲ್ಲಿ ಸಾಯುವ ವೇಳೆಗೆ ಅವನು ಮುಗಿಸಿದ ಮಹಾಕಾವ್ಯದಲ್ಲಿ ನರಕಕ್ಕೆ ಒಂಬತ್ತು ಸುತ್ತುಗಳಿವೆ. ಅತ್ಯಂತ ಕೆಳಗಿರುವುದು ಬೆಂಕಿಯಲ್ಲ, ಮಂಜುಗಡ್ಡೆ, ಅಲ್ಲಿರುವವರು ವಿಶ್ವಾಸದ್ರೋಹಿಗಳು. ಪೋಪರಿಗೂ ಅವನ ನರಕದಲ್ಲಿ ಸ್ಥಳವುಂಟು. ಆದರೆ ಭಾರತೀಯನಾದ ಓದುಗನ ಗಮನವನ್ನು ಸೆಳೆಯುವುದು ಸ್ವರ್ಗಖಂಡದ ಹತ್ತೊಂಬತ್ತನೆಯ ಸರ್ಗ. ಸಿಂಧೂನದಿಯ ತೀರದಲ್ಲಿ ಹುಟ್ಟಿದ ಒಬ್ಬ ಮನುಷ್ಯನಿಗೆ ಕ್ರಿಸ್ತನ ವಿಷಯವನ್ನು ಹೇಳುವವರಿಲ್ಲ, ಓದಿಸುವವರಿಲ್ಲ. ಅವನ ನಡೆನುಡಿಗಳೆಲ್ಲ ಶುದ್ಧ. ಜ್ಞಾನಸ್ನಾನವಿಲ್ಲದೆ ಸತ್ತ ಅವನನ್ನು ದಂಡಿಸುವ ನ್ಯಾಯವೆಲ್ಲಿ, ಅವನ ತಪ್ಪೆಲ್ಲಿ ಎಂಬ ಪ್ರಶ್ನೆಯನ್ನು ಕವಿ ಎತ್ತುತ್ತಾನೆ. ದೇವರ ನ್ಯಾಯದ ಆಳವು ಮನುಷ್ಯನ ಕಣ್ಣಿಗೆ ನಿಲುಕದೆಂಬುದು ಅಲ್ಲಿ ಬರುವ ಉತ್ತರ. ಪ್ರಶ್ನೆಯು ಉತ್ತರಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಕವಿಯ ಈ ಪ್ರಶ್ನೆಯು ಮತಪ್ರಚಾರಕರ ಎದುರಿಗೆ ಹಾಡುಹಗಲಲ್ಲಿ ಬಂದು ನಿಂತಿತು. ಎಂಟನೆಯ ಶತಮಾನದ ಮೊದಲಲ್ಲಿದ್ದ ಫ್ರಿಸಿಯನ್ ದೊರೆ ರಾಡ್ಬೋಡನು ಜ್ಞಾನಸ್ನಾನದ ತೊಟ್ಟಿಯಲ್ಲಿ ಕಾಲಿಡುತ್ತ, ನನ್ನ ಪೂರ್ವಿಕರು ಎಲ್ಲಿದ್ದಾರೆಂದು ಕೇಳಿ, ನರಕದಲ್ಲಿ ಎಂಬ ಉತ್ತರ ಬರಲು, ಹಾಗಾದರೆ ನಾನೂ ಅವರೊಡನೆ ಇರುವೆನೆಂದು ಕಾಲನ್ನು ಹಿಂದೆಗೆದನೆಂದು ಐತಿಹ್ಯವಿದೆ. ಧರ್ಮರಾಯನ ಮಾತನ್ನು ಕೇಳಿದವರಿಗೆ ಈ ಮಾತು ಹೊಸದಾಗಿ ತೋರದು. ಇತಿಹಾಸದ ಹೆಚ್ಚು ಖಚಿತವಾದ ನಿದರ್ಶನ ಫ್ರಾನ್ಸಿಸ್ ಝೇವಿಯರನದು. ೧೫೪೨ರಲ್ಲಿ ಗೋವೆಗೆ ಬಂದ ಆತನು ಜಪಾನಿಗೆ ಹೋಗಿ ಮರಳಿ, ೧೫೫೨ರ ಜನವರಿಯಲ್ಲಿ ನಮ್ಮ ಕಡಲತೀರದ ಕೊಚ್ಚಿಯಿಂದ ಯೂರೋಪಿಗೆ ಒಂದು ಕಾಗದ ಬರೆದನು. ನರಕಕ್ಕೆ ಹೋದವರಿಗೆ ಬಿಡುಗಡೆಯಿಲ್ಲವೆಂದು ಕೇಳಿದಾಗ ಜಪಾನಿನ ಹೊಸ ಕ್ರೈಸ್ತರು ತಮ್ಮ ತಂದೆತಾಯಿಗಳನ್ನೂ ಹೆಂಡಿರುಮಕ್ಕಳನ್ನೂ ನೆನೆದು ಅಳುತ್ತಾರೆ, ದಾನಧರ್ಮದಿಂದ ಅವರನ್ನು ಬಿಡಿಸಲಾಗದೇ ಎಂದು ಕೇಳುತ್ತಾರೆ, ಇಲ್ಲವೆನ್ನಬೇಕಾಗುತ್ತದೆ, ಅವರ ಅಳುವನ್ನು ನೋಡಿ ತನಗೂ ಸಂಕಟವಾಗುತ್ತದೆ ಎಂಬುದು ಅದರ ಸಾರಾಂಶ. ಹೇಳಿದವನನ್ನೂ ಕೇಳಿದವರನ್ನೂ ಒಟ್ಟಿಗೆ ನೋಯಿಸಿದ ಬೋಧನೆಯಿದು.

ಇದೇ ಬೋಧನೆಯು ತುಳುನಾಡಿಗೆ ಎರಡು ಹಾದಿಗಳಿಂದ ಬಂದಿತು. ಗೋವೆಯಲ್ಲಿ ೧೫೬೦ರಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ನಿನ ಭಯ, ಬರಗಾಲ, ೧೬೮೩ರ ಮರಾಠರ ದಾಳಿ, ಇವುಗಳಿಂದ ಕಂಗೆಟ್ಟು ಕೊಂಕಣಿ ಕ್ರೈಸ್ತರು ಅಲೆಯಲೆಯಾಗಿ ದಕ್ಷಿಣಕ್ಕೆ ಬಂದು, ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಭೂಮಿಯನ್ನು ಹಿಡಿದು ಬೇಸಾಯಗಾರರಾದರು. ಬಂಟ್ವಾಳ, ಮೂಡಬಿದರೆಗಳ ಕಥೋಲಿಕ ಮನೆತನಗಳಲ್ಲಿ ಬಹುಮಂದಿ ಅವರ ಸಂತತಿಯವರು. ಇವರ ಕೊಂಕಣಿಯಲ್ಲಿ ನರಕಕ್ಕೆ ಯೆಮ್ಕೊಂಡ್ ಎನ್ನುತ್ತಾರೆ. ಯಮಕುಂಡವೆಂಬುದೇ ಅದರ ಮೂಲ. ಯಮನನ್ನು ಬಿಟ್ಟುಬಂದರೂ ಅವನ ಕುಂಡವನ್ನು ಬಿಡಲಾಗಲಿಲ್ಲವೆನ್ನಬಹುದು. ಇದು ಹಾಸ್ಯದ ಮಾತಾದರೂ, ಉತ್ತರ ಯೂರೋಪಿನವರು ಹೆಲ್ ಎಂಬ ತಮ್ಮ ಹಳೆಯ ಹೆಸರನ್ನು ಉಳಿಸಿಕೊಂಡದ್ದು ಇದೇ ಕ್ರಮದಿಂದ.

ಎರಡನೆಯ ಹಾದಿಯು ಬಾಸೆಲ್ ಮಿಷನ್ನಿನದು. ೧೮೩೪ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಮೂವರು ಮಂಗಳೂರಿಗೆ ಬಂದಿಳಿದರು. ೧೮೪೧ರಲ್ಲಿ ಅವರ ಅಚ್ಚುಕೂಟವು ಆರಂಭವಾಯಿತು. ೧೮೪೭ರಲ್ಲಿ ತುಳುಭಾಷೆಯ ಹೊಸ ಒಡಂಬಡಿಕೆಯು ಕನ್ನಡ ಲಿಪಿಯಲ್ಲಿ ಹೊರಬಂದಿತು. ಕನ್ನಡದ ಸತ್ಯವೇದದಲ್ಲಿ ಭಾಷಾಂತರಕಾರರು ತೋರಿದ ವಿವೇಕವನ್ನು ಇಲ್ಲಿ ಹೇಳಬೇಕು. ಷಿಯೋಲ್, ಹೇಡೀಸ್‌ಗಳಿಗೆ ಪಾತಾಳವೆಂದೂ, ಗೆಹೆನ್ನಕ್ಕೆ ನರಕ, ಅಗ್ನಿನರಕವೆಂದೂ, ಪ್ರಕಟನೆಯ ಕೊನೆಯ ಶಿಕ್ಷಾಸ್ಥಾನಕ್ಕೆ ಬೆಂಕಿಯ ಕೆರೆಯೆಂದೂ ಅವರು ಬೇರೆ ಬೇರೆ ಮಾತುಗಳನ್ನು ಇಟ್ಟರು. ೧೬೧೧ರ ಇಂಗ್ಲಿಷ್ ಬೈಬಲು ಕಲಸಿಬಿಟ್ಟ ಭೇದವನ್ನು ಕನ್ನಡ ಬೈಬಲು ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದರೆ ನರಕವೆಂಬ ಶಬ್ದವು ತನ್ನೊಡನೆ ತನ್ನ ಹಳೆಯ ಅರ್ಥವನ್ನೂ ತಂದಿತು. ಕರ್ಮ ಸವೆದರೆ ಬಿಡುಗಡೆಯೆಂದು ಕೇಳಿ ಬೆಳೆದ ಕಿವಿಗೆ ನಿತ್ಯನರಕವೆಂಬುದು ತನ್ನಷ್ಟಕ್ಕೆ ಅರ್ಥವಾಗುವ ಮಾತಲ್ಲ. ಅದಕ್ಕೆ ನಿತ್ಯವೆಂಬ ವಿಶೇಷಣವನ್ನು ಹಚ್ಚಿ ಮತ್ತೆ ಮತ್ತೆ ಬೋಧಿಸ ಬೇಕಾಯಿತು.

ಕೇಳಿದವರಲ್ಲಿ ಬಹುಮಂದಿ ಬಿಲ್ಲವರು. ತುಳುವರಲ್ಲಿ ಸತ್ತ ಹಿರಿಯರು ಕುಲೆಗಳಾಗಿ ಮನೆಯ ಹತ್ತಿರವೇ ಇರುವರೆಂಬ ನಂಬಿಕೆಯುಂಟು. ಗೊತ್ತಾದ ದಿನಗಳಲ್ಲಿ ಅವರಿಗೆ ಎಲೆಯಿಟ್ಟು ಬಡಿಸುತ್ತಾರೆ. ಅಂಥ ಮನೆಯಿಂದ ಬಂದವನಿಗೆ ಹಿರಿಯರ ಗತಿಯೆಂಬುದು ಶಾಸ್ತ್ರದ ಚರ್ಚೆಯಲ್ಲ, ಊಟದ ಎಲೆಯ ಪ್ರಶ್ನೆ. ಎಲೆಯನ್ನು ಹಾಕಬೇಕೇ, ಬಿಡಬೇಕೇ? ಕಥೋಲಿಕರಿಗೆ ನವೆಂಬರ್ ೨ರಂದು ಗೋರಿಯ ಬಳಿ ದೀಪವಿಟ್ಟು ಪ್ರಾರ್ಥಿಸಲು ಅವಕಾಶವಿದ್ದಿತು; ಪ್ರಾಟೆಸ್ಟೆಂಟರಾದವರಿಗೆ ಆ ಬಾಗಿಲೂ ಮುಚ್ಚಿತ್ತು. ಇಲ್ಲಿ ಇನ್ನೊಂದು ವಿಚಿತ್ರವುಂಟು. ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಆ ಪ್ರಾಂತದ ಭಕ್ತಿಪಂಥದಲ್ಲಿ ಹದಿನೆಂಟನೆಯ ಶತಮಾನದ ಓಟಿಂಗರನೇ ಮೊದಲಾದವರು, ಸಮಸ್ತ ಸೃಷ್ಟಿಯೂ ಕೊನೆಗೆ ದೇವರಲ್ಲಿ ಪುನಃಸ್ಥಾಪಿತವಾಗುವುದೆಂದು ಬೋಧಿಸಿದ್ದರು. ಓರಿಜೆನನ ಕಾಲದ ಆಶೆಯು ಹೀಗೆ ಮತಪ್ರಚಾರಕರ ತೌರೂರಿನಲ್ಲಿಯೇ ಜೀವದಿಂದಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿವಾದವು ಇಂಗ್ಲೆಂಡಿನಲ್ಲಿ ಬಹಿರಂಗವಾಯಿತು. ನಿತ್ಯಶಿಕ್ಷೆಯ ರೂಢಿಯ ಅರ್ಥವನ್ನು ಪ್ರಶ್ನಿಸಿದ್ದಕ್ಕಾಗಿ ಫ್ರೆಡರಿಕ್ ಡೆನಿಸನ್ ಮಾರಿಸನು ೧೮೫೩ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಅಧ್ಯಾಪಕ ಪದವಿಯನ್ನು ಕಳೆದುಕೊಂಡನು. ೧೮೬೪ರಲ್ಲಿ ಇದೇ ಬಗೆಯ ಆಪಾದನೆಗೆ ಗುರಿಯಾದ ಪಾದ್ರಿಯೊಬ್ಬನನ್ನು ಪ್ರಿವಿ ಕೌನ್ಸಿಲು ನಿರ್ದೋಷಿಯೆಂದು ಬಿಟ್ಟಿತು. ತೀರ್ಪನ್ನು ಕೊಟ್ಟ ಪ್ರಭುಗಳು ನರಕವನ್ನೇ ಖರ್ಚುಸಹಿತವಾಗಿ ವಜಾ ಮಾಡಿದರೆಂದು ಆಗ ವಕೀಲರು ನಗೆಯಾಡಿದರು. ಕಥೋಲಿಕ ಸಭೆಯು ನಿಧಾನವಾಗಿ ನಡೆದರೂ ನಡೆಯದೆ ಇರಲಿಲ್ಲ. ಸಭೆಯ ಹೊರಗಿರುವವರಿಗೆ ಮೋಕ್ಷವಿಲ್ಲವೆಂದು ಫ್ಲಾರೆನ್ಸಿನ ಸಭೆಯು ೧೪೪೨ರಲ್ಲಿ ಕಟುವಾಗಿ ಹೇಳಿದ್ದಿತು. ೧೯೬೪ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಗೆ ಒಪ್ಪುವಂತೆ ಬಾಳಿ ದೇವರನ್ನು ಅರಸುವವರಿಗೂ ಮೋಕ್ಷ ಸಾಧ್ಯವೆಂದು ಸಾರಿತು. ಡಾಂಟೆಯ ಸಿಂಧೂತೀರದ ಮನುಷ್ಯನಿಗೆ ಸುಮಾರು ಆರೂವರೆ ಶತಮಾನಗಳ ಮೇಲೆ ಉತ್ತರ ಸಿಕ್ಕಿತು. ನರಕವೆಂಬುದು ಸ್ಥಳಕ್ಕಿಂತ ಹೆಚ್ಚಾಗಿ ದೇವರಿಂದ ತಾನಾಗಿ ಅಗಲಿದ ಆತ್ಮದ ಸ್ಥಿತಿಯೆಂದು ೧೯೯೯ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿವರಿಸಿದರು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳೂ ಉದ್ಧಾರವಾಗುವರೆಂದು ಆಶಿಸಲು ಗಟ್ಟಿಯಾದ ಕಾರಣಗಳುಂಟೆಂದು ವ್ಯಾಟಿಕನ್ನಿನ ಧರ್ಮಶಾಸ್ತ್ರ ಮಂಡಲಿಯು ೨೦೦೭ರಲ್ಲಿ ಒಪ್ಪಿತು. ಆಗಸ್ಟೀನನ ತರ್ಕದಿಂದ ಎಷ್ಟು ತಲೆಮಾರುಗಳ ತಾಯಂದಿರು ಕಣ್ಣೀರಿಟ್ಟಿರಬೇಕೆಂಬುದನ್ನು ಯೋಚಿಸಿದರೆ ಈ ಒಪ್ಪಿಗೆ ಸಣ್ಣದಲ್ಲ. ನಿತ್ಯನರಕದ ಸಿದ್ಧಾಂತವನ್ನು ಸಭೆಯು ಕೈಬಿಟ್ಟಿಲ್ಲ. ಇಂಥವನು ಅಲ್ಲಿರುವನೆಂದು ಯಾವ ಮನುಷ್ಯನ ಹೆಸರನ್ನೂ ಅದು ಹೇಳಿಯೂ ಇಲ್ಲ.

ಈ ದೀರ್ಘವಾದ ಚರಿತ್ರೆಯಿಂದ ನಾವು ತಿಳಿಯುವುದೇನು? ಕ್ರೈಸ್ತರ ನರಕವು ಒಬ್ಬ ಪ್ರವಾದಿಯ ಬಾಯಿಂದ ಒಂದೇ ದಿನ ಹೊರಬಿದ್ದುದಲ್ಲ. ಅನ್ಯಾಯದಿಂದ ಸತ್ತವರ ಪರವಾಗಿ ಎದ್ದ ಕೂಗಿನಿಂದ ಅದು ಹುಟ್ಟಿತು. ಅಧಿಕಾರವುಳ್ಳವರ ಕೈಗೆ ಸೇರಿದಾಗ ಅದೇ ಕೂಗು ದುರ್ಬಲರನ್ನು ಹೆದರಿಸುವ ಕೋಲಾಯಿತು. ಆದರೂ ದಯೆಗೆ ಎಲ್ಲೆಯಿಡಲು ಒಪ್ಪದ ಭಕ್ತರು ಆ ಮತದೊಳಗೆ ಎಲ್ಲ ಶತಮಾನಗಳಲ್ಲಿಯೂ ಇದ್ದರು. ಅನ್ಯಮತದ ನರಕವನ್ನು ಕೇಳಿ ನಗುವುದು ಸುಲಭ. ಆದರೆ ಪಾಪಿಗೆ ಶಿಕ್ಷೆಯೇ ಇಲ್ಲದಿದ್ದರೆ ನ್ಯಾಯವೆಲ್ಲಿ, ಶಿಕ್ಷೆಗೆ ಕೊನೆಯೇ ಇಲ್ಲದಿದ್ದರೆ ದಯೆಯೆಲ್ಲಿ ಎಂಬ ಜೋಡಿ ಪ್ರಶ್ನೆಯು ಬಸದಿಗೂ ಮಠಕ್ಕೂ ಇಗರ್ಜಿಗೂ ಸಮಾನವಾದದ್ದು. ಬಸದಿಯು ಕಾಲದ ಅಳತೆಯಿಂದ ಉತ್ತರಿಸಿತು, ಮಧ್ವಾಚಾರ್ಯರು ಜೀವಸ್ವಭಾವದಿಂದ ಉತ್ತರಿಸಿದರು, ಇಗರ್ಜಿಯು ಎರಡು ಸಾವಿರ ವರ್ಷಗಳಿಂದ ತನ್ನೊಳಗೇ ವಾದಿಸುತ್ತಿದೆ. ವಾಮದಪದವಿನಂಥ ಊರಿನಲ್ಲಿ ಈ ಮೂವರ ಮಕ್ಕಳೂ ಒಂದೇ ಸಂತೆಯಲ್ಲಿ ಅಕ್ಕಿಯನ್ನೂ ಅಡಕೆಯನ್ನೂ ಮಾರಿ ಕೊಳ್ಳುತ್ತಾರೆ. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗಿ ನಿಲ್ಲುತ್ತಾರೆ. ಹೆಣದ ಮುಂದೆ ನಿಂತ ನೆರೆಯವನು ಸತ್ತವನ ಗತಿಯನ್ನು ತನ್ನ ಶಾಸ್ತ್ರದಿಂದ ಅಳೆಯುವುದಕ್ಕೆ ಮೊದಲು, ಆ ಶಾಸ್ತ್ರವನ್ನು ಬರೆದವರೇ ಇಲ್ಲಿ ಎಷ್ಟು ಸಲ ತಡೆದು ನಿಂತು ಯೋಚಿಸಿದರೆಂಬುದನ್ನು ತಿಳಿದಿರುವುದು ಒಳ್ಳೆಯದು.